ಸತ್ತ ಮಗುವಿಗೆ ಮದುವೆ ಮಾಡಿಸಿದವಳು

"ಭಾಷಣ ಚೆನ್ನಾಗಿತ್ತು ಮೇಡಂ. ಸತ್ತ ಮಗುವೊಂದಕ್ಕೆ ಮದುವೆ ಮಾಡಿಸಿದ್ದು ಬಿಟ್ರೆ."

ಗ್ರಂಥಾಲಯದ ಸಭಾಂಗಣ ಖಾಲಿಯಾಗುತ್ತಿತ್ತು. ಪ್ರೊಜೆಕ್ಟರಿನ ವೈರು ಸುತ್ತುತ್ತಿದ್ದ ನಾನು ತಲೆ ಎತ್ತಿದೆ. ಸಂಜೆಯಿಡೀ ಕೊನೆಯ ಸಾಲಿನಲ್ಲಿ ಕೈಕಟ್ಟಿ ಕೂತಿದ್ದ ಮನುಷ್ಯ. ಬೂದು ಸ್ವೆಟರು, ಮೊಣಕೈಗೆ ತೇಪೆ, ಕಿವಿಯ ಹಿಂದೆ ಒಂದು ಪೆನ್ಸಿಲ್. ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಗಂಡಸರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಬಡಗಿಯಾದರೆ ಸರಿ, ಉಳಿದವರದೆಲ್ಲ ನಾಟಕ.

"ಯಾವ ಮಗು?"

"ಗಡಿಯಾರದ ಮನೆಯವರ ಅಜ್ಜ ಅಂತ ಜನನ ರಿಜಿಸ್ಟರಿನ ಒಂದು ಪುಟ ತೋರಿಸಿದ್ರಲ್ಲ, ಅದು. ಹನ್ನೊಂದೇ ತಿಂಗಳಿಗೆ ಹೋಗಿಬಿಡ್ತು ಪಾಪ. ನೀವು ಮದುವೆ ಮಾಡಿಸಿ, ಆರು ಮಕ್ಕಳನ್ನೂ ಕೊಟ್ರಿ. ದೊಡ್ಡ ಮನಸ್ಸು ನಿಮ್ದು."

"ಇದನ್ನೆಲ್ಲ ಹೇಳೋಕೆ ನೀವ್ಯಾರು?"

"ಆ ಪುಸ್ತಕ ಕಾಯೋನು. ನಗರ ಕಚೇರಿ ನೆಲಮಾಳಿಗೆಯ ರೆಕಾರ್ಡ್ ರೂಮು. ನಿಮಗೆ ದಾರಿ ಗೊತ್ತಿರಲ್ಲ ಬಿಡಿ, ನೀವು ಸ್ಕ್ಯಾನ್ ತರಿಸ್ಕೊಳ್ಳೋರು."

ಹೇಳಿ ಹೊರಟೇ ಹೋದ. ಬೆನ್ನು ಮಾತ್ರ ನೇರವಾಗಿತ್ತು, ಒಪ್ಪಿಕೊಳ್ಳಬೇಕು.

ಜನರ ವಂಶಾವಳಿ ಹುಡುಕಿ ಕೊಡುವುದು, ಊರೂರು ತಿರುಗಿ ಅದರ ಮೇಲೆ ಭಾಷಣ ಮಾಡುವುದು, ಹದಿನಾರು ವರ್ಷದಿಂದ ಇದೇ ನನ್ನ ಕೆಲಸ. ಇಷ್ಟು ವರ್ಷದಲ್ಲಿ ಮನುಷ್ಯರ ಮೇಲಿದ್ದ ಗೌರವವೆಲ್ಲ ಕರಗಿದೆ. ಬಂದವರಿಗೆಲ್ಲ ಒಬ್ಬ ಮಂತ್ರಿ ಬೇಕು, ಒಬ್ಬ ಪಂಡಿತ ಬೇಕು, ಯುದ್ಧದಲ್ಲಿ ಕೈ ಕಳೆದುಕೊಂಡ ಶೂರ ಬೇಕು. ಅಡುಗೆಯವನು ಸಿಕ್ಕಿದ ಎಂದರೆ ಮುಖ ಹುಳ್ಳಗಾಗುತ್ತದೆ. "ಇನ್ನೊಂದು ಸಲ ಸರಿಯಾಗಿ ನೋಡಿ ಮೇಡಂ" ಎನ್ನುತ್ತಾರೆ, ಅಜ್ಜನನ್ನು ಅಂಗಡಿಯಲ್ಲಿ ಬದಲಾಯಿಸಿಕೊಳ್ಳಬಹುದು ಎಂಬಂತೆ. ಗಡಿಯಾರದ ಅಂಗಡಿಯ ಯಜಮಾನರಂತೂ ಆ ಪೈಕಿ ಹಿರಿಯರು. ಅವರ ಅಜ್ಜನ ತಾಯಿ ನ್ಯಾಯಾಧೀಶರ ಮಗಳೆಂದು ನಾನು ಹೇಳಿದ ದಿನದಿಂದ ಅವರು ಕೆಮ್ಮುವುದೂ ತೀರ್ಪು ಕೊಟ್ಟಂತೆಯೇ. ಭಾನುವಾರ ತೊಂಬತ್ತು ಜನ ನೆಂಟರ ಮುಂದೆ ನಾನು ಒಂಬತ್ತು ಅಡಿಯ ವಂಶವೃಕ್ಷ ಬಿಡಿಸಬೇಕಿತ್ತು.

ಅವತ್ತು ಗುರುವಾರ. ಶುಕ್ರವಾರ ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ನಾನು ನೆಲಮಾಳಿಗೆಯ ಮೆಟ್ಟಿಲ ಮೇಲಿದ್ದೆ. ಆ ಮನುಷ್ಯನ ಸೊಕ್ಕು ಇಳಿಸಲು, ಬೇರೇನಕ್ಕೂ ಅಲ್ಲ.

"ಪೆನ್ ಕೊಡಿ," ಎಂದು ಕೈ ಚಾಚಿದ.

"ಯಾಕೆ?"

"ಇಲ್ಲಿ ಶಾಯಿ ಬಿಡಲ್ಲ. ನೂರು ವರ್ಷದ ಕಾಗದ. ಒಂದು ಹನಿ ಬಿದ್ರೆ ಯಾರದೋ ಅಮ್ಮನೇ ಅಳಿಸಿಹೋಗ್ತಾಳೆ."

ಪೆನ್ನು ಕೊಟ್ಟೆ. ಅವನು ಡ್ರಾಯರಿನಿಂದ ಮೊಂಡು ಪೆನ್ಸಿಲೊಂದನ್ನು ತೆಗೆದುಕೊಟ್ಟ. ಚೂಪಾದದ್ದು ಅವನ ಕಿವಿಯ ಹಿಂದೆಯೇ ಇತ್ತು.

"ಅದು ಕೊಡಿ."

"ಅದು ನಂದು."

ದಪ್ಪ ಪುಸ್ತಕವನ್ನು ಮಲಗಿದ ಮಗುವನ್ನು ಎತ್ತುವಂತೆ ಎರಡೂ ಕೈಯಲ್ಲಿ ತಂದಿಟ್ಟ. ಮರಣದ ರಿಜಿಸ್ಟರು. ಪುಟ ತಿರುಗಿಸುವಾಗ ಅವನ ಬೆರಳು ಕಾಗದದ ಅಂಚನ್ನಷ್ಟೇ ಮುಟ್ಟುತ್ತಿತ್ತು. ನಾನು ಅಕ್ಷರ ನೋಡಬೇಕಾದಲ್ಲಿ ಬೆರಳು ನೋಡುತ್ತಿದ್ದೆ. ಅವನು ನನ್ನನ್ನು ನೋಡಿದ. ಇಬ್ಬರೂ ಒಟ್ಟಿಗೇ ಪುಸ್ತಕದ ಕಡೆ ತಿರುಗಿದೆವು.

ಅಲ್ಲಿತ್ತು. ಅದೇ ಹೆಸರು, ಅದೇ ತಂದೆ, ಅದೇ ಬೀದಿ. ವಯಸ್ಸು ಹನ್ನೊಂದು ತಿಂಗಳು, ಜ್ವರ. ಅದರ ಕೆಳಗೇ, ಎಂಟು ದಿನದ ಅಂತರದಲ್ಲಿ, ತಾಯಿ: ನ್ಯಾಯಾಧೀಶರ ಮಗಳು.

ಅವನು ಜನನದ ಪುಸ್ತಕ ತೆರೆದ. ಎರಡು ವರ್ಷದ ನಂತರ ಅದೇ ತಂದೆಗೆ ಇನ್ನೊಂದು ಗಂಡು. ಸತ್ತ ಮಗುವಿನ ಹೆಸರನ್ನೇ ಇಟ್ಟಿದ್ದರು. ತಾಯಿ, ಎರಡನೆಯ ಹೆಂಡತಿ. ನ್ಯಾಯಾಧೀಶರ ಮಗಳಿಗೆ ಅಂದಿನ ಗುಮಾಸ್ತ ನಾಲ್ಕು ಸಾಲು ಬರೆದಿದ್ದ. ಇವಳಿಗೆ ಬರೀ ಒಂದು ಹೆಸರು, ಪಕ್ಕದಲ್ಲಿ ಸಣ್ಣದಾಗಿ 'ಮೊದಲು ಇದೇ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದವಳು'.

"ಜನನ ಸಿಕ್ಕಿದ ಕೂಡಲೇ ಕುಣೀಬೇಡಿ, ಅದೇ ಮಗುವಿನ ಮರಣ ಹುಡುಕಿ," ಎಂದ ಅವನು. "ಹೋದ ವರ್ಷ ನೀವೇ ಹೇಳಿದ್ದು. ಚಪ್ಪಾಳೆ ಬೇರೆ ಬಿತ್ತು."

"ಹೋದ ವರ್ಷವೂ ಬಂದಿದ್ರಾ?"

"ಕುರ್ಚಿ ಖಾಲಿ ಇತ್ತು."

ಭಾನುವಾರ ನಿಜ ಹೇಳಿದರೆ ಹದಿನಾರು ವರ್ಷ ಸಂಪಾದಿಸಿದ ಹೆಸರು ತೊಂಬತ್ತು ಜನರ ಮುಂದೆ ಮಣ್ಣುಪಾಲು. ಹೇಳದಿದ್ದರೆ ಯಾರಿಗೂ ಗೊತ್ತಾಗದು. ಮನಸ್ಸು ಎಷ್ಟು ಬೇಗ ಎರಡನೆಯದರ ಕಡೆ ಜಾರಿತೆಂದರೆ, ಇಷ್ಟು ದಿನ ಗಿರಾಕಿಗಳಿಗಾಗಿ ಎತ್ತಿಟ್ಟುಕೊಂಡಿದ್ದ ತಿರಸ್ಕಾರವೆಲ್ಲ ಒಮ್ಮೆಗೇ ನನ್ನ ಮೇಲೆಯೇ ಸುರಿದಂತಾಯಿತು.

"ನಾನು ಸುಮ್ಮನಿದ್ರೆ ನೀವು ಏನ್ ಮಾಡ್ತೀರಿ?"

"ಏನೂ ಇಲ್ಲ. ಪುಸ್ತಕ ಎತ್ತಿಡ್ತೀನಿ."

"ದೊಡ್ಡ ಸಾಧು!"

"ಸಾಧು ಅಲ್ಲ ಮೇಡಂ. ಭಾಷಣಕ್ಕೆ ಬರೋದು ಬಿಡ್ತೀನಿ, ಅಷ್ಟೇ."

ಅಷ್ಟೇ ಅಂತೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಆ 'ಅಷ್ಟೇ'ಯನ್ನು ಬೈದುಕೊಂಡೆ. ನೆಲಮಾಳಿಗೆಯ ಗುಮಾಸ್ತ, ತೇಪೆಯ ಸ್ವೆಟರು, ಅವನು ಬಂದರೆಷ್ಟು ಬಿಟ್ಟರೆಷ್ಟು? ಆದರೂ ಶನಿವಾರವಿಡೀ ಕೂತು ಹಳೆಯ ಹಾಳೆ ಹರಿದು ವೃಕ್ಷವನ್ನು ಹೊಸದಾಗಿ ಬರೆದೆ.

ಭಾನುವಾರ ಗಡಿಯಾರದ ಮನೆಯ ದೊಡ್ಡ ಹಜಾರ ತುಂಬಿತ್ತು. ಅಂಗಡಿಯ ಗಡಿಯಾರಗಳನ್ನೆಲ್ಲ ತಂದು ಗೋಡೆಗೆ ತೂಗುಹಾಕಿದ್ದರು. ಒಂದಕ್ಕೂ ಇನ್ನೊಂದಕ್ಕೂ ತಾಳೆಯಿರಲಿಲ್ಲ. ಕೊನೆಯ ಸಾಲಿನಲ್ಲಿ ಬೂದು ಸ್ವೆಟರು ಕಂಡಿತು. ಕರೆದವರಾರೋ!

ಹಾಳೆ ಬಿಡಿಸಿ ಹೇಳಿಬಿಟ್ಟೆ. ತಪ್ಪು ನನ್ನದು, ಮರಣದ ಪುಸ್ತಕ ನೋಡಿರಲಿಲ್ಲ, ಬಟ್ಟೆ ಒಗೆಯುತ್ತಿದ್ದ ಇವಳು ನಿಮ್ಮವಳು, ನ್ಯಾಯಾಧೀಶರ ಮಗಳಲ್ಲ.

ಯಜಮಾನರ ಮುಖ ಕೆಂಪಾಯಿತು. "ಅಂದ್ರೆ ನಮ್ಮ ಮುತ್ತಜ್ಜಿ ಬಟ್ಟೆ ಒಗೀತಿದ್ಲಾ?"

"ಹೌದು ಸಾರ್. ನಿಮ್ಮ ಮನೆಯದ್ದೇ."

"ಇದನ್ನ ಊಟಕ್ಕೆ ಮುಂಚೆ ಹೇಳ್ಬೇಕಿತ್ತಾ?" ಎಂದರು ಅವರ ಭಾವ. ಅರ್ಧ ಜನ ನಕ್ಕರು, ಅರ್ಧ ಜನ ಎದ್ದು ತಟ್ಟೆಯ ಕಡೆ ನಡೆದರು. ಯಜಮಾನರು ನನ್ನ ಹತ್ತಿರ ಬಂದು, "ಇನ್ನು ಯಾರಾದ್ರೂ ನಿಮ್ಮನ್ನ ಕರೆಸ್ತಾರಾ ನೋಡ್ತೀನಿ," ಎಂದು ಹಲ್ಲು ಕಚ್ಚಿದರು.

ಆಗ ಗಾಲಿಕುರ್ಚಿಯಲ್ಲಿದ್ದ ಅವರ ಸೋದರತ್ತೆ, ಆ ಅಜ್ಜನ ಕೊನೆಯ ಮಗಳು, ಕೈ ಎತ್ತಿದರು.

"ನಮ್ಮಪ್ಪ ಸಾಯೋವರೆಗೂ ತನ್ನ ಅಂಗಿ ತಾನೇ ಒಗ್ಕೊಂಡ. ಯಾರನ್ನೂ ಮುಟ್ಟೋಕೆ ಬಿಡ್ತಿರಲಿಲ್ಲ. ಜಿಪುಣ ಅಂತ ನಾವೆಲ್ಲ ನಗ್ತಿದ್ವಿ." ಆಕೆ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು. "ಅವಳ ಹೆಸರು ಇನ್ನೊಂದ್ಸಲ ಹೇಳಮ್ಮ. ಸರಿಯಾಗಿ ಕೇಳಿಸಲಿಲ್ಲ."

ಹೇಳಿದೆ. ಆಕೆ ತುಟಿಯಲ್ಲೇ ಅದನ್ನು ಎರಡು ಸಲ ಹೇಳಿಕೊಂಡರು.

ಎಲ್ಲರೂ ಊಟಕ್ಕೆ ಹೋದ ಮೇಲೆ ಪೆನ್ಸಿಲ್ ಸಾಹೇಬ ಬಂದು ಹಾಳೆಯ ಇನ್ನೊಂದು ತುದಿ ಹಿಡಿದುಕೊಂಡ. ಒಂಬತ್ತು ಅಡಿ ಸುತ್ತುತ್ತಾ ಸುತ್ತುತ್ತಾ ಇಬ್ಬರೂ ಹತ್ತಿರ ಬರುತ್ತಿದ್ದೆವು.

"ನಿಮ್ಮನ್ನ ಯಾರು ಕರೆದ್ರು ಇಲ್ಲಿಗೆ?"

"ಯಾರೂ ಇಲ್ಲ. ಬಾಗಿಲಲ್ಲಿ ಕೇಳಿದ್ರು, ದೂರದ ನೆಂಟ ಅಂದೆ. ತೊಂಬತ್ತು ಜನರಲ್ಲಿ ಯಾರಿಗೆ ಯಾರು ಗೊತ್ತು?"

"ನನ್ನ ಎಷ್ಟು ಭಾಷಣ ಕೇಳಿದ್ದೀರಿ?"

"ಹನ್ನೊಂದು." ಜೇಬಿನಿಂದ ಸಣ್ಣ ನೋಟ್‌ಬುಕ್ ತೆಗೆದ. "ಹನ್ನೊಂದು ಭಾಷಣ, ಹದಿನಾಲ್ಕು ತಪ್ಪು. ಒಂದು ಇವತ್ತು ಹೊಡೆದುಹಾಕ್ದೆ."

ನನಗೆ ಉರಿದುಹೋಯಿತು. "ತಪ್ಪು ಹುಡುಕೋಕೇ ಬರ್ತಿದ್ರಾ?"

"ಮೊದಲ ಎರಡಕ್ಕೆ."

ಸುತ್ತಬೇಕಾದ ಹಾಳೆ ನಮ್ಮಿಬ್ಬರ ನಡುವೆ ಒಂದು ಗೇಣು ಉಳಿದಿತ್ತು. ಅವನು ಅದನ್ನೇ ನೋಡುತ್ತಿದ್ದ. ಸೊಕ್ಕೆಲ್ಲ ಕಿವಿಯ ತುದಿಗೆ ಏರಿ ಕೆಂಪಾಗಿತ್ತು.

"ಉಳಿದ ಒಂಬತ್ತಕ್ಕೆ?"

"ಅದಕ್ಕೆ ದಾಖಲೆ ಇಲ್ಲ ಮೇಡಂ."

"ದಾಖಲೆ ಇಲ್ಲದ್ದನ್ನ ನಾನು ನಂಬಲ್ಲ."

"ಗೊತ್ತು. ಅದಕ್ಕೇ ಬಾಯಿಬಿಟ್ಟು ಹೇಳ್ತಿದ್ದೀನಿ. ನೀವು ಅಂದ್ರೆ ನಂಗಿಷ್ಟ. ನಿಮ್ಮ ಹದಿನಾಲ್ಕೂ ತಪ್ಪಿನ ಸಮೇತ."

"ಹದಿಮೂರು," ಎಂದೆ. "ನಾಳೆ ಬರ್ತೀನಿ. ಉಳಿದದ್ದನ್ನ ಒಂದೊಂದಾಗಿ ತೋರಿಸಿ. ನಿಧಾನಕ್ಕೆ."

"ನಿಧಾನಕ್ಕೇ."

ಅವನ ಎರಡೂ ಕೈಯಲ್ಲಿ ಸುರುಳಿಯಿತ್ತು. ನಾನು ಅವನ ಕಿವಿಯ ಹಿಂದಿನ ಚೂಪು ಪೆನ್ಸಿಲನ್ನು ಎಳೆದುಕೊಂಡು, ನನ್ನ ತುರುಬಿಗೆ ಸಿಕ್ಕಿಸಿಕೊಂಡು, ಬಾಗಿಲ ಕಡೆ ನಡೆದೆ. ತಿರುಗಿ ನೋಡಿದರೆ ಅವನು ಸುರುಳಿಯನ್ನು ಕಂಕುಳಿಗೆ ಸೇರಿಸಿ, ಖಾಲಿ ಕಿವಿಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ.