ದೇವವ್ವ ತುಂಬಿದ ಉಡಿ

"ಸಹಿ ತಗೋರಿ, ಚಾ ಕುಡಸ್ರಿ. ಆದ್ರ ದೇವವ್ವನ ಕೈಲೆ ಉಡಿ ಮಾತ್ರ ತುಂಬಿಸ್ಕೋಬ್ಯಾಡ್ರಿ, ಮೇಡಂ," ಎಂದ ಗುಮಾಸ್ತ ರಮಜಾನ.

ಸುಧಾರಾಣಿ ನಕ್ಕಳು. ಮೈಸೂರು ಬಿಟ್ಟು ರಾಣೆಬೆನ್ನೂರಿನಲ್ಲಿ ವಕೀಲಿಕೆ ಶುರುಮಾಡಿ ಎಂಟು ತಿಂಗಳು. ಅಷ್ಟರಲ್ಲೇ ಜೇಬಿನಲ್ಲಿ ನಿಂಬೆಹಣ್ಣು ಇಟ್ಟುಕೊಂಡು ವಿಚಾರಣೆಗೆ ಬರುವ ಗಂಡಂದಿರನ್ನು ನೋಡಿದ್ದಳು.

"ಅಕ್ಕಿ, ಕೊಬ್ಬರಿಗೂ ಹೆದರಬೇಕಾ? ಯಾವ ಸೆಕ್ಷನ್ನಲ್ಲಿದೆ?"

"ನಗ್ರಿ. ಆ ಮನೀ ಹಿರೇ ಸೊಸೆಂದ್ರು ಇಬ್ರದ್ದೂ ಡೈವೋರ್ಸ್ ಅರ್ಜಿ ಟೈಪ್ ಮಾಡಿದಾಂವ ನಾನ. ಕಡೀ ದಿನ ಅತ್ತಿ ಕೈಲೆ ಉಡಿ ತುಂಬಿಸ್ಕೊಂಡ್ರು. ತಾವಾಗೇ ಅದ ಮನೀಗೆ ಹೊಳ್ಳಿ ಹೋದ್ರು. ಆಮ್ಯಾಲೆ ಅವರ ದನಿ ಯಾರೂ ಕೇಳಿಲ್ಲ."

"ರಾಜಿ ಆಗಿರ್ತಾರೆ ಬಿಡಿ."

ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಅದಕ್ಕೂ ಮುಂಚೆ ಘಾಟು ಬಂತು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಮನೆಯವಳು ದೇವವ್ವ. ಸೀರೆಯ ನೆರಿಗೆನೆರಿಗೆಯಲ್ಲೂ ಆ ವಾಸನೆ ಕೂತಿತ್ತು. ಹಿಂದೆ ಕಿರಿಯ ಮಗ ಪ್ರವೀಣಕುಮಾರ. ಅವನ ಹೆಂಡತಿ ಸ್ನೇಹಾ, ಸುಧಾರಾಣಿಯ ಕಕ್ಷಿದಾರಳು, ಆಗಲೇ ಗೋಡೆಗೆ ಒರಗಿ ನಿಂತಿದ್ದಳು. ಇಬ್ಬರೂ ಒಪ್ಪಿದ ವಿಚ್ಛೇದನ. ಆರು ತಿಂಗಳ ಕಾಯುವಿಕೆ ಮುಗಿದಿತ್ತು. ಅವನದೊಂದು ಸಹಿ ಬಿದ್ದರೆ ನಾಳೆ ಹಾವೇರಿ ಕೋರ್ಟಿನಲ್ಲಿ ಅವಳು ಬಿಡುಗಡೆ.

ದೇವವ್ವ ಮೇಜಿನ ಮೇಲೆ ಮೊರ ಇಟ್ಟಳು. "ಬರೇ ಉಡೀಲೆ ಹೆಣ್ಣಮಗಳನ್ನ ಕಳಸಂಗಿಲ್ಲ ನಾವು. ತುಂಬತೇನಿ. ಆಮ್ಯಾಲೆ ಇಂವ ಸಹಿ ಮಾಡ್ತಾನ."

"ನನಗ ಬ್ಯಾಡ್ರಿ," ಸ್ನೇಹಾಳ ತುಟಿ ಬಿಳಿಚಿತು. ಅವಳು ಸುಧಾರಾಣಿಯನ್ನು ನೋಡಿದಳು. ತುಸು ಹೆಚ್ಚೇ ಹೊತ್ತು ನೋಡಿದಳು. "ನನ್ನ ಬದ್ಲಿ ನೀವ ತುಂಬಿಸ್ಕೋರಿ, ಮೇಡಂ. ನಿಮಗ ಇದರಾಗೆಲ್ಲ ನಂಬಿಕಿಲ್ಲಲ್ರಿ."

"ನನಗೆ ಮದುವೆಯೇ ಆಗಿಲ್ಲವಲ್ಲ," ಎಂದು ಸುಧಾರಾಣಿ ನಕ್ಕಳು. "ಆಗಬಹುದಾ, ಅಮ್ಮ?"

"ಯಾರದರ ಆಗ್ಲಿ," ಎಂದಳು ದೇವವ್ವ. "ನನಗೊಂದು ಉಡಿ ಬೇಕು."

ರಮಜಾನ ಬಾಗಿಲಿಂದಾಚೆ ಸರಿದು ನಿಂತ.

ಕರಿಕೋಟಿನ ಮೇಲಿಂದ ಸುಧಾರಾಣಿ ದುಪಟ್ಟಾ ಚಾಚಿದಳು. ಅಕ್ಕಿ ಬಿತ್ತು, ಬಾವಿಯ ತಳದಷ್ಟು ತಣ್ಣಗೆ. ಅರಿಷಿಣದ ಬೇರು, ಉತ್ತತ್ತಿ, ಕೊಬ್ಬರಿ ಬಟ್ಟಲು. ಕೊನೆಗೆ ಸುಕ್ಕುಗಟ್ಟಿದ ಒಂದು ಕೆಂಪು ಮೆಣಸಿನಕಾಯಿ. ಅದರ ತೊಟ್ಟಿಗೆ ಉದ್ದನೆಯ ಕೂದಲು ಸುತ್ತಿತ್ತು. ಐದು ಬೊಗಸೆಯ ಭಾರಕ್ಕೆ ಅವಳ ಸೊಂಟ ಬಾಗಿತು. ಅವಳ ಮೂಗಿಗೆ ಮೆಣಸಿನ ಘಾಟು ಥಟ್ಟನೆ ಇಲ್ಲವಾಯಿತು. ಚಹಾದ ವಾಸನೆ, ಹಳೇ ಕಾಗದದ ವಾಸನೆ, ಯಾವುದೂ ಇಲ್ಲ.

ಪ್ರವೀಣಕುಮಾರ ಸಹಿ ಮಾಡಿದ. ಅವನ ಕಣ್ಣು ಸುಧಾರಾಣಿಯ ಕಾಲ್ಬೆರಳ ಮೇಲಿತ್ತು.

ಮರುದಿನ ಮಧ್ಯಾಹ್ನಕ್ಕೆ ಸ್ನೇಹಾಗೆ ವಿಚ್ಛೇದನ ಸಿಕ್ಕಿತು. ಕೋರ್ಟಿನ ಅಂಗಳದಲ್ಲಿ ಬಗ್ಗಿ ಸುಧಾರಾಣಿಯ ಕಾಲು ಮುಟ್ಟಿದಳು. ಮುಖ ಎತ್ತಲಿಲ್ಲ. "ತಪ್ಪು ತಿಳ್ಕೋಬ್ಯಾಡ್ರಿ. ನನಗೂ ಬದುಕಬೇಕಾಗಿತ್ತು," ಎಂದವಳೇ ಓಡಿದಳು.

ಸುಧಾರಾಣಿ ಕಾಲು ನೋಡಿಕೊಂಡಳು. ಎರಡೂ ಪಾದಗಳ ಎರಡನೇ ಬೆರಳಲ್ಲಿ ಕಾಲುಂಗುರ ಒತ್ತಿದಂಥ ಗೆರೆ. ಉಂಗುರವಿಲ್ಲ. ಗೆರೆ ಬಿಗಿಯುತ್ತಿತ್ತು.

ರಾಣೆಬೆನ್ನೂರಿನ ಬಸ್ಸು ಎದುರಿಗೇ ನಿಂತಿತ್ತು. ಕಾಲು ಹತ್ತಲಿಲ್ಲ. ಪಕ್ಕದ ಬಸ್ಸಿಗೆ ಹತ್ತಿತು. ಇಳಿಯಬೇಕು. ಕೈ ಕಂಬಿ ಬಿಡಲಿಲ್ಲ. ಕೂಗಬೇಕು. ಕಂಡಕ್ಟರ್ ಬಂದ. ಬಾಯಿ ತೆರೆಯಿತು.

"ಬ್ಯಾಡಗಿ. ಒಂದು."

ಮೂರನೆಯ ದಿನ ರಮಜಾನ ಹುಡುಕಿಕೊಂಡು ದೇವವ್ವನ ಮನೆಗೆ ಬಂದ. ಅಂಗಳದ ತುಂಬ ಮೆಣಸಿನ ರಾಶಿ. ಮೂವರು ಹೆಂಗಸರು ತೊಟ್ಟು ಮುರಿಯುತ್ತ ಕೂತಿದ್ದರು, ಮೂರನೆಯವಳು ಸುಧಾರಾಣಿ. ಘಾಟಿಗೆ ಅವನೊಬ್ಬನೇ ಕೆಮ್ಮಿದ. ಅವರಲ್ಲಿ ಯಾರೂ ಕೆಮ್ಮಲಿಲ್ಲ.

"ಏಳ್ರಿ ಮೇಡಂ. ಕಕ್ಷಿದಾರ್ರು ಕಾಯಾಕತ್ತಾರ."

ಕರ್ಕೊಂಡು ಹೋಗಿ ರಮಜಾನ್, ಕೈ ಹಿಡಿದು ಎಳೀರಿ, ಎಂದು ಅವಳು ಒಳಗೊಳಗೇ ಕಿರುಚಿದಳು. ತನ್ನ ಮೈಸೂರಿನ ಮಾತಿನಲ್ಲಿ, ಗಂಟಲು ಹರಿಯುವಂತೆ. ತುಟಿ ಬೇರೆಯೇ ಆಡಿತು.

"ನಮ್ಮತ್ತಿ ಪ್ಯಾಟಿಗೆ ಹೋಗ್ಯಾರ್ರಿ. ಕುಂದ್ರಿ, ಚಾ ಮಾಡ್ತೇನಿ."

ಒಳಗಿನಿಂದ ಪ್ರವೀಣಕುಮಾರ ಕರೆದ. ಹೆಸರು ಹಿಡಿದಲ್ಲ. "ಏಯ್" ಎಂದ, ಅಷ್ಟೆ.

ಅವಳು ಎದ್ದು ಹೋದಳು.