ಬಜೆಟ್ ಭಾವ ಕೊಂಡ ಲೆನ್ಸು

ಹಲ್ಲಿನ ಡಾಕ್ಟರು ಆ ಲೆನ್ಸನ್ನು ಕೊಳ್ಳುವ ಮೊದಲು ಬಜೆಟ್ ಭಾವನನ್ನು ಕೇಳಿದ್ದರು. ಅವನ ಹೊಟ್ಟೆ ಉರಿದದ್ದು ಅದಕ್ಕೇ. ಕೇಳದೆ ಕೊಂಡಿದ್ದರೆ ದುಡ್ಡಿದ್ದವರ ಷೋಕಿ ಎಂದು ಸುಮ್ಮನಾಗಿಬಿಡುತ್ತಿದ್ದ. ಆದರೆ ಅವರು ಒಂದು ಭಾನುವಾರ ಅವನ ಸ್ಟುಡಿಯೋಕ್ಕೆ ಬಂದು, ಪಾಸ್‌ಪೋರ್ಟ್ ಫೋಟೋಕ್ಕೆ ಕೂರುವವರ ಸ್ಟೂಲಿನ ಮೇಲೆ ಕೂತು, ಮೊಣಕಾಲ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಅವನು ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದರು.

"ಕ್ಯಾಮೆರಾ ಹಳೇದಾದ್ರೂ ನಡೆಯುತ್ತೆ ಡಾಕ್ಟ್ರೇ. ಒಂದೆರಡು ಮಾಡೆಲ್ ಹಿಂದಿನದು ಸಾಕು. ದುಡ್ಡು ಹಾಕೋದಾದ್ರೆ ಲೆನ್ಸಿಗೆ ಹಾಕಿ. ಅದನ್ನೂ ಮೊದಲು ಒಂದು ವಾರ ಬಾಡಿಗೆಗೆ ತಂದು ನೋಡಿ. ವಾರ ಪೂರ್ತಿ ಅದು ಬ್ಯಾಗಿನಲ್ಲೇ ಇದ್ರೆ ನಿಮಗದು ಬೇಡ ಅಂತಲೇ ಲೆಕ್ಕ."

"ಎಷ್ಟು ಚೆನ್ನಾಗಿ ಹೇಳಿದ್ರಿ ಭಾವ," ಎಂದು ಡಾಕ್ಟರು ಕೊನೆಯ ಮಾತಿಗೆ ಅಡಿಗೆರೆ ಎಳೆದಿದ್ದರು. ಮುಂದಿನ ವಾರವೇ ಅಂಗಡಿಗೆ ಹೋಗಿ ಅಲ್ಲಿದ್ದ ಎಲ್ಲಕ್ಕಿಂತ ದುಬಾರಿ ಕ್ಯಾಮೆರಾವನ್ನೂ, ಭಾವಚಿತ್ರ ತೆಗೆಯುವವರು ಬಾಯಿ ಬಾಯಿ ಬಿಡುವ ಆ ದಪ್ಪ ಲೆನ್ಸನ್ನೂ ಹೊಚ್ಚ ಹೊಸದಾಗಿಯೇ ಹೊತ್ತು ತಂದಿದ್ದರು.

ಅವರು ಅವನ ಷಡ್ಡಕ. ಹೆಂಡತಿಯ ತಂಗಿಯ ಗಂಡ. ಬಜೆಟ್ ಭಾವ ಎಂಬ ಹೆಸರಿಟ್ಟವಳು ಆ ತಂಗಿಯೇ. ಮನೆಯಲ್ಲಿ ಯಾರಿಗೆ ಫೋನು ಬೇಕಾದರೂ, ಲ್ಯಾಪ್‌ಟಾಪು ಬೇಕಾದರೂ, ಅತ್ತೆಗೆ ಕಿವಿಯ ಮೆಷಿನ್ನು ಬೇಕಾದಾಗಲೂ ನಾಲ್ಕು ಅಂಗಡಿ ಅಲೆದು, ಹಳೆಯದರಲ್ಲಿ ಒಳ್ಳೆಯದನ್ನು ಆರಿಸಿ, ಬ್ಯಾಟರಿ ಎಷ್ಟು ಸವೆದಿದೆ ಎಂದು ನೋಡಿ ಕೊಡಿಸಿದವನು ಅವನು. ತನಗಾಗಿ ಮಾತ್ರ ಏನನ್ನೂ ಕೊಂಡಿರಲಿಲ್ಲ. ಹತ್ತೊಂಬತ್ತು ವರ್ಷ ಒಂದೇ ಬಿಳಿ ಪರದೆಯ ಮುಂದೆ, ಒಂದೇ ಹಳೆಯ ಕ್ಯಾಮೆರಾದಲ್ಲಿ, ಎರಡೂ ಕಿವಿ ಕಾಣುವಂತೆ, ಹಲ್ಲು ಕಾಣದಂತೆ ಊರಿನವರ ಮುಖಗಳನ್ನೆಲ್ಲ ತೆಗೆದಿದ್ದ. ಆ ಸ್ಟೂಲಿನ ಮೇಲೆ ಎಂತೆಂಥ ಮುಖಗಳು ಬಂದು ಕೂತಿದ್ದವು! ಅವನ್ನು ಮುಖಗಳಾಗಿ ತೆಗೆಯುವ ಲೆನ್ಸು ಅತ್ತ ಡಾಕ್ಟರ ಓದುವ ಕೋಣೆಯ ಗಾಜಿನ ಬೀರುವಿನಲ್ಲಿ, ಯಾರೋ ಗೆದ್ದು ತಂದ ಕಪ್ಪಿನ ಹಾಗೆ ನಿಂತಿತ್ತು. ಎರಡು ವರ್ಷದಲ್ಲಿ ಡಾಕ್ಟರು ಅದರಿಂದ ತೆಗೆದದ್ದು ಇಪ್ಪತ್ತು ಫೋಟೋ ಇದ್ದರೆ ಹೆಚ್ಚು. ಅವುಗಳಲ್ಲಿ ಹನ್ನೆರಡು ಕಟ್ಟಿಸಿದ ಹಲ್ಲುಗಳವು.

ಕದಿಯಬೇಕೆಂಬ ಯೋಚನೆ ಅವನಿಗೆ ಬಂದದ್ದು ಹಳೆ ಕ್ಯಾಮೆರಾಗಳ ವ್ಯಾಪಾರಿಯ ಅಂಗಡಿಯಲ್ಲಿ. ಫ್ಲಾಷಿನ ಬಲ್ಬು ಹುಡುಕಿಕೊಂಡು ಹೋದವನ ಕಣ್ಣಿಗೆ ಅದೇ ಲೆನ್ಸು ಬಿತ್ತು. ಹೊರಗಿನಿಂದ ಹೊಸದರಂತಿತ್ತು. ಬೆಳಕಿಗೆ ಹಿಡಿದರೆ ಒಳಗಿನ ಗಾಜಿನ ತುಂಬ ಬೂಷ್ಟು, ಜೇಡರ ಬಲೆಯ ಹಾಗೆ ಹಬ್ಬಿತ್ತು.

"ಗೋಡೌನಿನಲ್ಲಿ ನೀರು ನಿಂತಿತ್ತು," ಎಂದ ವ್ಯಾಪಾರಿ. "ಬೂಷ್ಟು ಗಾಜನ್ನೇ ತಿಂದುಬಿಟ್ಟಿದೆ, ಒರೆಸಿದರೂ ಹೋಗಲ್ಲ. ನಿಮಗೆ ಸುಳ್ಳು ಹೇಳೋಕಾಗುತ್ತಾ? ಬಿಡಿಭಾಗಕ್ಕೆ ಅಂತ ತಗೊಂಡು ಹೋಗಿ."

ಅವನು ಚೌಕಾಸಿ ಮಾಡಲಿಲ್ಲ. ವ್ಯಾಪಾರಿಗೆ ಅದೇ ಆಶ್ಚರ್ಯ. ಬಿಲ್ಲು ಮಾತ್ರ ಕೇಳಿ ಬರೆಸಿಕೊಂಡ; ಲೆನ್ಸಿನ ನಂಬರನ್ನೂ ಅದರಲ್ಲಿ ಹಾಕಿಸಿದ.

ಮನೆಗೆ ನಡೆಯುತ್ತ ದಾರಿಯಲ್ಲೇ ಯೋಜನೆ ಪೂರ್ತಿಯಾಗಿತ್ತು. ಕದ್ದ ಮಾಲನ್ನು ಜನ ಬಚ್ಚಿಡುತ್ತಾರೆ, ಅದಕ್ಕೇ ಸಿಕ್ಕಿಬೀಳುತ್ತಾರೆ. ಅವನು ಬಚ್ಚಿಡುವುದಿಲ್ಲ. ಬೂಷ್ಟು ಹಿಡಿದದ್ದನ್ನು ಕೊಂಡೆ, ಕೂತು ಬಿಚ್ಚಿ ತೊಳೆದೆ, ಸರಿಹೋಯಿತು ಎಂದು ನಾಲ್ಕು ಜನರ ಮುಂದೆ ಹೇಳುತ್ತಾನೆ. ಬಜೆಟ್ ಭಾವ ಅಲ್ಲದೆ ಇಂಥ ಕೆಲಸ ಇನ್ಯಾರಿಗೆ ಬಂದೀತು ಎನ್ನುತ್ತಾರೆ ಎಲ್ಲರೂ. ಅತ್ತ ಡಾಕ್ಟರ ಬೀರುವಿನಲ್ಲಿ ಬೂಷ್ಟು ಹಿಡಿದ ಲೆನ್ಸು ಕೂತಿರುತ್ತದೆ. ಮುಚ್ಚಿದ ಬೀರು, ತೇವದ ಗಾಳಿ, ಎರಡು ವರ್ಷ ಮುಟ್ಟದ ಗಾಜು. ಬೂಷ್ಟು ಬರದಿದ್ದರೇ ಅತಿಶಯ. ಇಬ್ಬರ ಬಳಿಯೂ ಬಿಲ್ಲಿದೆ, ಇಬ್ಬರ ಬಳಿಯೂ ಲೆನ್ಸಿದೆ. ಕಳ್ಳತನ ಎಲ್ಲಿ ನಡೆಯಿತು?

ಉಳಿದದ್ದು ನಂಬರು. ಲೆನ್ಸಿನ ಹಿಂಭಾಗದಲ್ಲಿ, ಅದು ಕ್ಯಾಮೆರಾಕ್ಕೆ ಕೂರುವ ಕಡೆ, ತೆಳ್ಳನೆಯ ಒಂದು ಲೋಹದ ಉಂಗುರ. ಅದರ ಮೇಲೆ ನಂಬರು ಕೊರೆದಿರುತ್ತದೆ. ಮೂರು ಸಣ್ಣ ಸ್ಕ್ರೂ ಬಿಚ್ಚಿದರೆ ಉಂಗುರ ಕೈಗೆ ಬರುತ್ತದೆ. ಎರಡು ಲೆನ್ಸಿನ ಉಂಗುರಗಳನ್ನು ಅದಲು ಬದಲು ಮಾಡಿದರಾಯಿತು. ಸ್ಟುಡಿಯೋದ ಬಾಗಿಲು ಹಾಕಿಕೊಂಡು ಆ ಬೂಷ್ಟಿನ ಲೆನ್ಸಿನ ಮೇಲೆ ಅಭ್ಯಾಸ ಮಾಡಿದ. ಮೊದಲ ಸಲ ಬಿಚ್ಚಿ ಹಾಕಲು ಹನ್ನೊಂದು ನಿಮಿಷ. ವಾರ ಕಳೆಯುವಷ್ಟರಲ್ಲಿ ಎರಡಕ್ಕಿಳಿಯಿತು. ಕಣ್ಣು ಮುಚ್ಚಿಕೊಂಡೂ ಮಾಡಬಲ್ಲವನಾದ.

ಬೀಜವನ್ನೂ ಬಿತ್ತಿದ. "ಡಾಕ್ಟ್ರೇ, ಆ ಬೀರುವಿನಲ್ಲಿ ತೇವ ಹೀರೋ ಪೊಟ್ಟಣ ಬದಲಾಯಿಸ್ತಾ ಇದೀರಾ? ಬೂಷ್ಟು ಬಂದ್ರೆ ಆಮೇಲೆ ಏನೂ ಮಾಡೋಕಾಗಲ್ಲ."

"ಅಯ್ಯೋ, ಮರೆತೇ ಹೋಗುತ್ತೆ ಭಾವ," ಎಂದರು ಡಾಕ್ಟರು. ನಿಜಕ್ಕೂ ಮರೆತರು.

ಡಾಕ್ಟರ ಮನೆಯಲ್ಲಿ ಎಲ್ಲರೂ ಊಟಕ್ಕೆ ಸೇರಿದ ಭಾನುವಾರ, ಕೈತೊಳೆದುಕೊಂಡವರೆಲ್ಲ ನಡುಮನೆಯಲ್ಲಿ ಹಳೆಯ ಆಲ್ಬಮ್ ಬಿಡಿಸಿಕೊಂಡು ಕೂತರು. ಅವನು ಓದುವ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದ. ಬೀರುವಿನ ಬೀಗದ ಕೈ ಬೀಗದಲ್ಲೇ ತೂಗುತ್ತಿತ್ತು. ಬ್ಯಾಗಿನಿಂದ ತನ್ನ ಲೆನ್ಸು ತೆಗೆದು ಎರಡನ್ನೂ ಮೇಜಿನ ಮೇಲೆ ಪಕ್ಕ ಪಕ್ಕ ಇಟ್ಟ. ಒಂದು ಉಂಗುರ ಬಂತು. ಇನ್ನೊಂದೂ ಬಂತು. ಅದಲು ಬದಲು ಮಾಡಿ ಕೂರಿಸಿದ. ಕೊನೆಯ ಸ್ಕ್ರೂ ತಿರುಗಿಸುತ್ತಿದ್ದಾಗ ಬಾಗಿಲು ತೆರೆಯಿತು.

ಅತ್ತೆ. ಅಂಗೈಯಲ್ಲಿ ಕಿವಿಯ ಮೆಷಿನ್ನು.

"ಇಲ್ಲಿದೀರಾ ಅಳಿಯಂದ್ರೇ? ಇದು ಕುಂಯ್ ಅಂತ ಅಳ್ತಾನೇ ಇದೆ ನೋಡಿ. ನನ್ನ ಮೊಮ್ಮಗಳು ಕೂಡ ಹೀಗೆ ಅತ್ತಿರಲಿಲ್ಲ."

ಅವನ ಕೈ ಲೆನ್ಸುಗಳನ್ನು ಮರೆಮಾಡಲು ಹೋಯಿತು. ಆದರೆ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದ ಅಳಿಯನನ್ನು ಆಕೆ ನೋಡುತ್ತ ಬಂದದ್ದು ಇಂದು ನಿನ್ನೆಯಲ್ಲ. ಮೇಜಿನ ಮೇಲೆ ಎರಡು ಲೆನ್ಸಿದ್ದರೂ ಇಪ್ಪತ್ತಿದ್ದರೂ ಆಕೆಗೆ ಒಂದೇ. ಅವನು ಮೆಷಿನ್ನು ಇಸಿದುಕೊಂಡು, ಕಿವಿಗೆ ಕೂರುವ ರಬ್ಬರನ್ನು ಒರೆಸಿ ಸರಿಪಡಿಸಿ ಕೊಟ್ಟ. "ನೀವಿರೋದಕ್ಕೆ ಆಯ್ತಪ್ಪ," ಎಂದು ಆಕೆ ಹೋದರು. ಅವನು ಬೂಷ್ಟಿನ ಲೆನ್ಸನ್ನು ಬೀರುವಿನಲ್ಲಿಟ್ಟು, ಒಳ್ಳೆಯದನ್ನು ಬ್ಯಾಗಿಗೆ ಹಾಕಿಕೊಂಡು, ನಡುಮನೆಗೆ ಬಂದು ಆಲ್ಬಮ್ ನೋಡಿದ. ಯಾರೋ ಜೋಕು ಹೇಳಿದರು, ನಕ್ಕ.

ಆ ಲೆನ್ಸು ಅವನ ಹಳೆಯ ಕ್ಯಾಮೆರಾಕ್ಕೆ ಕೂರುತ್ತಿರಲಿಲ್ಲ. ಅದಕ್ಕೆ ಹೊಂದುವ ಕ್ಯಾಮೆರಾ ಒಂದನ್ನು ಹಳೆಯದರಲ್ಲಿ ಹುಡುಕಿ ಕೊಂಡ. ಆ ಬೂಷ್ಟಿನ ಲೆನ್ಸನ್ನು ಬಿಟ್ಟರೆ ಹತ್ತೊಂಬತ್ತು ವರ್ಷಗಳಲ್ಲಿ ತನಗಾಗಿ ಕೊಂಡ ಮೊದಲ ವಸ್ತು ಅದು. ಅದರ ಜೊತೆ ಬಂದ ದಪ್ಪ ಪುಸ್ತಕವನ್ನು ಬಿಚ್ಚಲಿಲ್ಲ. ಕ್ಯಾಮೆರಾ ಅಂದರೆ ಕ್ಯಾಮೆರಾ, ಅವನಿಗೆ ಯಾರು ಪಾಠ ಹೇಳಬೇಕು?

ಮೂರು ವಾರ ಸುಖ. ನಾಲ್ಕನೆಯ ವಾರ ಡಾಕ್ಟರು ಸ್ಟುಡಿಯೋಕ್ಕೆ ಬಂದರು. ಲೆನ್ಸನ್ನು ಬಟ್ಟೆಯಲ್ಲಿ ಸುತ್ತಿ, ಗಾಯಗೊಂಡ ಹಕ್ಕಿಯನ್ನು ತರುವ ಹಾಗೆ ತಂದಿದ್ದರು.

"ಬೈಯಿರಿ ಭಾವ, ಬೈಸಿಕೊಳ್ಳೋಕೇ ಬಂದಿದೀನಿ. ನೀವು ಹೇಳಿದ್ರಿ, ನಾನು ಕೇಳಲಿಲ್ಲ."

ಅವನು ಲೆನ್ಸನ್ನು ಬೆಳಕಿಗೆ ಹಿಡಿದು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿ, ನಾಲಿಗೆಯಿಂದ ಲೊಚಗುಟ್ಟಿದ. ಇಲ್ಲಿಯವರೆಗೆ ಎಲ್ಲವೂ ಅವನು ಅಂದುಕೊಂಡ ಹಾಗೇ ಇತ್ತು. ಅಂದುಕೊಳ್ಳದೆ ಇದ್ದದ್ದು ಮುಂದಿನ ಮಾತು.

"ನಿಮ್ಮದನ್ನ ನೀವು ತೊಳೆದು ಹೊಸದು ಮಾಡಿದ್ರಂತೆ. ಇದನ್ನೂ ಮಾಡಿಕೊಡಿ. ನಾನು ಪಕ್ಕದಲ್ಲಿ ಕೂತು ಕಲಿತೀನಿ."

ಆಗುವುದಿಲ್ಲ ಎನ್ನುವಂತಿಲ್ಲ, ತನ್ನದು ಹೇಗಾಯಿತು ಎಂದು ಕೇಳುತ್ತಾರೆ. ಆಗುತ್ತದೆ ಎಂದರೆ ಮಾಡಿ ತೋರಿಸಬೇಕು. "ನೋಡೋಣ," ಎಂದ.

ಅಂದಿನಿಂದ ಡಾಕ್ಟರು ಪ್ರತಿ ಭಾನುವಾರ ಹಾಜರು. ಕಣ್ಣಿಗೆ ಹಲ್ಲು ನೋಡುವ ಭೂತಗನ್ನಡಿ, ಕೈಯಲ್ಲಿ ಕ್ಲಿನಿಕ್ಕಿನ ಚಿಮುಟ. ಒಂದೊಂದು ಗಾಜನ್ನು ಬಿಚ್ಚಿ, ದ್ರಾವಣದಲ್ಲಿ ಅದ್ದಿ, ಹತ್ತಿಯಿಂದ ಉಜ್ಜಿ ಉಜ್ಜಿ ಅವನ ಬೆರಳು ಸುಲಿದವು. ಬೂಷ್ಟು ಹೋದರೂ ಅದು ಕೊರೆದ ಗೆರೆ ಹೋಗಲಿಲ್ಲ. "ನಿಮ್ಮದರಲ್ಲಿ ಇದನ್ನ ಹೇಗೆ ತೆಗೆದ್ರಿ ಭಾವ?" ಎಂದು ಡಾಕ್ಟರು ಕೇಳುವರು, ನೋಟ್‌ಬುಕ್ ತೆರೆಯುವರು. ಅವನು ಬಾಯಿಗೆ ಬಂದ ಒಂದು ದ್ರಾವಣದ ಹೆಸರು ಹೇಳುವನು. ಮುಂದಿನ ವಾರ ಡಾಕ್ಟರು ಅದನ್ನು ಕೊಂಡು ತರುವರು. ಮತ್ತೆ ಉಜ್ಜುವುದು. ಕದ್ದ ಲೆನ್ಸು ಪಕ್ಕದ ಕಪಾಟಿನಲ್ಲಿ ತೆಪ್ಪಗಿರುತ್ತಿತ್ತು. ಹೊರಗೆ ಹೋಗಿ ಮುಖಗಳನ್ನು ತೆಗೆಯಬೇಕೆಂದುಕೊಂಡಿದ್ದ ಭಾನುವಾರಗಳೆಲ್ಲ ಹೀಗೆ ಕಳೆದವು. ಡಾಕ್ಟರಿಗೆ ಅನುಮಾನವೇ ಬರಲಿಲ್ಲ. ಒಂದಿಷ್ಟು ಅನುಮಾನಪಟ್ಟಿದ್ದರೆ ಜಗಳವಾಡಿ ಹೊರಗೆ ಕಳಿಸಬಹುದಿತ್ತು. ಇಷ್ಟು ನಂಬುವ ಮನುಷ್ಯನನ್ನು ಏನೆಂದು ಹೊರಗೆ ಕಳಿಸುವುದು?

ಒಂದು ಸಂಜೆ ಹೆಂಡತಿ ಹೇಳಿದಳು: "ರೀ, ಅಮ್ಮನದೊಂದು ಒಳ್ಳೆ ಫೋಟೋನೇ ಇಲ್ಲ. ಇರೋದು ನೀವು ತೆಗೆದ ಪಾಸ್‌ಪೋರ್ಟ್ ಫೋಟೋ. ಅದರಲ್ಲಿ ಅಮ್ಮ ಯಾರನ್ನೋ ಕೊಂದು ಬಂದೋಳ ಥರ ಕಾಣ್ತಾಳೆ. ಅಷ್ಟು ಒದ್ದಾಡಿ ಲೆನ್ಸು ಸರಿ ಮಾಡಿದೀರಲ್ಲ, ತೆಗೀರಿ."

ತೆಗೆದ. ಬೆಳಗಿನ ಕಿಟಕಿಯ ಪಕ್ಕ ಅತ್ತೆಯನ್ನು ಕೂರಿಸಿ, ಆಕೆ ಮಾತಾಡುತ್ತ ಆಡುತ್ತ ಯಾವುದೋ ನೆನಪಿಗೆ ಥಟ್ಟನೆ ಸುಮ್ಮನಾದ ಗಳಿಗೆಯಲ್ಲಿ ಗುಂಡಿ ಒತ್ತಿದ. ಪರದೆಯ ಮೇಲೆ ಮುಖ ಮೂಡಿದಾಗ ಅವನ ಕಣ್ಣು ಹನಿಗೂಡಿತು. ಹತ್ತೊಂಬತ್ತು ವರ್ಷ ಕಾದದ್ದು ಇದೊಂದಕ್ಕೇ. ಇದಕ್ಕಾಗಿ ಕದ್ದದ್ದು ತಪ್ಪೇ ಅಲ್ಲ ಎಂದು ಆ ಗಳಿಗೆಯಲ್ಲಿ ಅವನಿಗೆ ಮನಸಾರೆ ಅನ್ನಿಸಿತು.

ಗೋಡೆಯಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸುತ್ತೇನೆ, ಮೂಲ ಫೋಟೋವನ್ನೇ ಕಳಿಸಿ ಎಂದಳು ಹೆಂಡತಿಯ ತಂಗಿ. ಕಳಿಸುವ ಮುನ್ನ ಅವನು ಎಂದಿನ ಎಚ್ಚರದಿಂದ ಯೋಚಿಸಿದ. ಫೋಟೋದಲ್ಲಿ ಏನಿದೆ? ಅತ್ತೆ, ಕಿಟಕಿ, ಬೆಳಕು. ಕಳಿಸಿದ.

ಭಾನುವಾರ ಎಲ್ಲರೂ ಅವನ ಮನೆಗೇ ಬಂದರು. ಡಾಕ್ಟರು ಬೂಷ್ಟಿನ ಲೆನ್ಸನ್ನೂ ಅದರ ಬಿಲ್ಲನ್ನೂ ಅವನ ಮುಂದಿಟ್ಟರು. "ಇನ್ನು ಉಜ್ಜೋದು ಬೇಡ ಭಾವ, ನಿಮ್ಮ ಕೈ ನೋಡೋಕಾಗ್ತಿಲ್ಲ. ಬಿಡಿಭಾಗಕ್ಕೆ ನೀವೇ ಇಟ್ಕೊಳ್ಳಿ." ಬಿಡುಗಡೆಯಾಯಿತು ಎಂದು ಅವನು ಉಸಿರು ಬಿಡುವಷ್ಟರಲ್ಲಿ ಡಾಕ್ಟರು ಟ್ಯಾಬ್ ತೆರೆದು ಅತ್ತೆಯ ಫೋಟೋ ತೋರಿಸಿದರು. "ಆದರೆ ಒಂದು ವಿಷಯ ನನಗೆ ಅರ್ಥವಾಗ್ತಿಲ್ಲ. ಎಕ್ಸ್‌ರೇ ನೋಡಿ ನೋಡಿ ನನಗೊಂದು ಚಟ ಆಗಿಬಿಟ್ಟಿದೆ, ಚಿತ್ರಕ್ಕಿಂತ ಮೊದಲು ಅದರ ವಿವರ ಓದೋದು. ಇಲ್ದಿದ್ರೆ ಒಬ್ಬರ ಎಕ್ಸ್‌ರೇ ನೋಡಿ ಇನ್ನೊಬ್ಬರ ಹಲ್ಲು ಕಿತ್ತುಬಿಡ್ತೀವಿ. ನಿಮ್ಮ ಫೋಟೋದ ಫೈಲಿನ ವಿವರದಲ್ಲಿ ಲೆನ್ಸಿನ ನಂಬರು ಅಂತ ಒಂದು ಸಾಲಿದೆ. ಅದು ನನ್ನ ಬಿಲ್ಲಿನ ನಂಬರು." ಅತ್ತೆ ಕಿವಿಯ ಮೆಷಿನ್ನನ್ನು ಸರಿಮಾಡಿಕೊಂಡು ಇತ್ತ ತಿರುಗಿದರು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅವನ ಹತ್ತೊಂಬತ್ತು ವರ್ಷದ ಹಳೆಯ ಕ್ಯಾಮೆರಾ ಇಂಥದ್ದನ್ನೆಲ್ಲ ಬರೆಯುತ್ತಿರಲಿಲ್ಲ. ಉಂಗುರದ ಮೇಲೆ ಕೊರೆದ ನಂಬರು ಬರೀ ಮನುಷ್ಯರು ಓದಲಿಕ್ಕೆ. ಈ ಕಾಲದ ಲೆನ್ಸು ಅದೇ ನಂಬರನ್ನು ತನ್ನ ಹೊಟ್ಟೆಯೊಳಗೂ ಇಟ್ಟುಕೊಂಡಿರುತ್ತದೆ, ಕ್ಯಾಮೆರಾ ಕೇಳಿದಾಗಲೆಲ್ಲ ಹೇಳುತ್ತದೆ, ಕ್ಯಾಮೆರಾ ಅದನ್ನು ತೆಗೆದ ಒಂದೊಂದು ಫೋಟೋದೊಳಗೂ ಬರೆದಿಡುತ್ತದೆ.