ಚಿಪ್ ಗುರುತು ಹಿಡಿದ ಗಿರಾಕಿ

“ಇದರಾಗ ಒಂದಕ್ಷರ ಸುಳ್ಳಿದ್ರ ನನ್ನ ನಾಲಿಗಿ ಬಿದ್ದ ಹೋಗ್ಲಿ,” ಎಂದು ಆಣೆಯಿಟ್ಟು ದೇವದಾಸ್ ಶುರುಮಾಡಿದ. ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಬೆಳಗಾವಿ ಬಸ್ಸಿಗೆ ಕಾದಿದ್ದ ಗೂಳಪ್ಪ ಚಹಾ ಊದುತ್ತಿದ್ದ.

ದೇವದಾಸ್ ಪುಣೆಯ ಸಂಶೋಧನಾ ಸಂಸ್ಥೆಯೊಂದರ ಹಾಸ್ಟೆಲ್ ಗುಮಾಸ್ತ. ವಾರ್ಡನ್ ಕುಸುಮಕ್ಕ ಹಿಂದೆ ಕಾಲೇಜಿನಲ್ಲಿ ಗಣಿತ ಕಲಿಸಿದವರು. ಕ್ಯಾಂಪಸ್ಸಿನಲ್ಲಿ ಏನು ಕಳವಾದರೂ ಪತ್ತೆ ಅವರದು, ಹೆಸರೂ ಅವರದು, ಓಡಾಟ ಮಾತ್ರ ದೇವದಾಸನದು. ಈ ಹಂಚಿಕೆ ಅವನ ಹೊಟ್ಟೆಯಲ್ಲಿ ಅರಗಿರಲಿಲ್ಲ.

ಅಂದು ಬೆಳಗ್ಗೆ ಪಿಎಚ್‌ಡಿಯ ಸುರಭಿ ಅಳುತ್ತ ಬಂದಳು. “ಅಕ್ಕಾರ, ನನ್ನ ಚಿಪ್ ಯಾರೋ ಕೆಡಿಸ್ಯಾರ. ಮಧ್ಯಾಹ್ನ ಪರೀಕ್ಷಕರು ಬರ್ತಾರ. ಡಿಗ್ರಿ ಹೋತು ರೀ.”

“ಏನ್ ಮಾಡತದವಾ ಅದು?”

“ನಿತ್ಯದ ಗಿರಾಕಿಗೆ ಕೇಳೂಕಿಂತ ಮೊದಲ ಚಹಾ ತಂದಿಡೋ ಮಾಣಿ ಇರ್ತಾನಲ್ರಿ, ಹಂಗ. ಪ್ರೋಗ್ರಾಂಗೆ ಮುಂದ ಯಾವ ಡೇಟಾ ಬೇಕು ಅಂತ ರೂಢಿ ನೋಡಿ ತಾನ ಕಲೀತದ. ನಾ ಒಂದ ವಾರ ಊರಿಗೆ ಹೋಗಿದ್ದೆ. ಬಂದು ನೋಡಿದ್ರ ತಡಕಾಡಾಕತ್ತದ.”

ಲ್ಯಾಬಿನ ಬೀಗ ಯಾರೂ ಒಡೆದಿರಲಿಲ್ಲ. ಕೀಲಿ ಇದ್ದದ್ದು ಇನ್ನಿಬ್ಬರ ಬಳಿ.

“ಹೊಟ್ಟಿಕಿಚ್ಚು ಅದ ರೀ, ಯಾಕ ಇಲ್ಲನ್ಲಿ?” ಎಂದ ಜೊತೆಗಾರ ಪ್ರಣವ. “ನನ್ನ ಪೇಪರ್ ಬರೇ ವಾಪಸ್ ಬರ್ತಾವ. ಆದ್ರ ಅಕಿ ಚಿಪ್ ಮುಟ್ಟಿಲ್ಲ.”

ಗೈಡ್ ಪಂಢರಿನಾಥ ಸರ್ ನಕ್ಕರು. “ನಾನಾ? ಪ್ರೋಗ್ರಾಂ ಕಡೆ ಹೊಳ್ಳಿ ನೋಡಿ ಭಾಳ ವರ್ಷಾತು. ನನ್ನ ಹವಾಮಾನದ ಪ್ರೋಗ್ರಾಮ ಕಡೀದು. ಆಗ ಏನ್ ಹೆಸರಿತ್ತು ಅದಕ್ಕ...”

ಪ್ರಣವನೇ ಕಳ್ಳ ಎಂದು ದೇವದಾಸ್ ಅಂಗಿಯ ತೋಳು ಮಡಿಸಿದ. ಕುಸುಮಕ್ಕ ಸುರಭಿಯ ಕಿವಿಯಲ್ಲಿ ಏನೋ ಹೇಳಿದರು.

ಮಧ್ಯಾಹ್ನ ಪರೀಕ್ಷಕರ ಎದುರೇ ಕುಸುಮಕ್ಕ ಎಲ್ಲರನ್ನೂ ಕೂರಿಸಿದರು. “ಇಬ್ಬರೂ ನೆಟ್‌ನಾಗ ಹಾಕಿದ ಪ್ರೋಗ್ರಾಂ ಇಳಿಸ್ಕೊಂಡೀವಿ. ಪ್ರಣವಂದು ಓಡಿಸಿದ್ರ ತಡಕಾಡ್ತು. ಈಗ ಸರ್‌ದು.”

ಸುರಭಿ ಗುಂಡಿ ಒತ್ತಿದಳು. ಬೆರಳು ಎತ್ತುವುದರೊಳಗೆ ಪ್ರೋಗ್ರಾಂ ಓಡಿ ಮುಗಿಯಿತು.

“ಮಾಣಿಗೆ ಸರ್ ನಿತ್ಯದ ಗಿರಾಕಿ,” ಎಂದರು ಕುಸುಮಕ್ಕ. “ಇವರ ರೂಢಿ ಹತ್ತಿ ನಿಂದು ಮರ್ತಾನವಾ. ಬರೇ ಕೆಡಸಾಕ ಬಂದಾವ ಕಸಾ ತುಂಬತಿದ್ದ. ಹಳೇ ಪ್ರೋಗ್ರಾಂ ವಾರಪೂರ್ತಿ ಓಡಿಸಿ ನೋಡಾವ ಅದನ್ನ ಹಡದಾವ ಒಬ್ಬನ.”

ಸರ್ ತಲೆ ತಗ್ಗಿಸಿದರು. “ಒಮ್ಮೆ ನೋಡೂಣು ಅಂತ ಓಡಿಸಿದೆ. ನಾ ಜನ್ಮದಾಗ ಓಡಸದಷ್ಟು ಜೋರ್ ಓಡ್ತು. ಹೊಟ್ಟಿ ಉರೀತು. ಬಿಡಾಕ ಆಗ್ಲಿಲ್ಲ.”

ಪರೀಕ್ಷಕರ ಕಣ್ಣು ಮಾತ್ರ ಪರದೆಯ ಮೇಲಿತ್ತು. ಯಾರೂ ಹೇಳಿಕೊಡದೆ ಹೊಸ ಪ್ರೋಗ್ರಾಂ ಒಂದನ್ನು ವಾರದಲ್ಲಿ ಕಲಿತ ಚಿಪ್‌ಗೆ ಇನ್ನೇನು ಪರೀಕ್ಷೆ ಎಂದು ಅವರು ಸಹಿ ಹಾಕಿದರು. ಸುರಭಿ ಡಾಕ್ಟರ್ ಸುರಭಿಯಾದಳು.

“ಈಗೂ ಸರ್ ಬಾಗಲಾ ದಾಟಿದ್ರ ಚಿಪ್ ತಾನ ದೀಪಾ ಹಚ್ಚತದ,” ಎಂದ ದೇವದಾಸ್. “ಮತ್ತ ಖರೇ ಹೇಳಬೇಕಂದ್ರ, ಆ ಯುಕ್ತಿ ಕುಸುಮಕ್ಕನ ತಲ್ಯಾಗ ಹಾಕಿದಾವ ನಾ—”

ಗೂಳಪ್ಪ ಖಾಲಿ ಗ್ಲಾಸನ್ನು ಅವನ ಕೈಗಿಟ್ಟು, ಬೆಳಗಾವಿ ಬಸ್ಸಿಗೂ ಕಾಯದೆ ಎದುರು ನಿಂತಿದ್ದ ಸೊಲ್ಲಾಪುರದ ಬಸ್ ಹತ್ತಿದ.